ಗೋಡೆ ಉಳಿದರೆ ಊರು ಉಳಿಯಿತೇ?

ಸ್ಪೇನ್ ದೇಶದ ಸಾಲಮಾಂಕಾ ಪ್ರಾಂತದ ಬೆಟ್ಟಗಳ ನಡುವೆ ಲಾ ಆಲ್ಬೆರ್ಕಾ ಎಂಬ ಪುಟ್ಟ ಊರಿದೆ. ಕೆಳಗೆ ಕಲ್ಲಿನ ಗೋಡೆ, ಮೇಲೆ ಮರದ ಚೌಕಟ್ಟು. ಹಿಂದೆ ಕೆಳಗಡೆ ದನಕರು, ಮಾಳಿಗೆಯಲ್ಲಿ ಮನೆಮಂದಿ. 1940ರಲ್ಲಿ ಅಲ್ಲಿಯ ಸರಕಾರ ಊರನ್ನೇ ರಾಷ್ಟ್ರೀಯ ಸ್ಮಾರಕವೆಂದು ಸಾರಿತು.

ಆದರೆ ನಮ್ಮ ಮನಸ್ಸನ್ನು ಸೆಳೆದುದು ಗೋಡೆಗಳಲ್ಲ. ಪ್ರತಿವರ್ಷ ಜೂನ್ 13ರಂದು ಕೊರಳಿಗೆ ಗಂಟೆ ಕಟ್ಟಿದ ಹಂದಿಯೊಂದನ್ನು ಹರಸಿ ಬೀದಿಗೆ ಬಿಡುತ್ತಾರೆ. ಅದು ಒಬ್ಬರದಲ್ಲ, ಊರಿನದು. ಯಾವ ಬಾಗಿಲಿಗೆ ಹೋದರೂ ಅದಕ್ಕೆ ತಿನಿಸುಂಟು. ಜನವರಿ 17ರ ಸಂತ ಆಂತೋನನ ಹಬ್ಬದಂದು ಚೀಟಿಯೆತ್ತಿ ಅದನ್ನು ಕೊಡುತ್ತಾರೆ. ಹಿಂದೆ ಅದು ಬಡಕುಟುಂಬಕ್ಕೆ ಸಲ್ಲುತ್ತಿತ್ತು. ಈಗ ಚೀಟಿಯ ಹಣ ಧರ್ಮಕಾರ್ಯಕ್ಕೆ ಸಲ್ಲುತ್ತದೆ.

ಸ್ಪೇನಿನ ಒಳನಾಡಿನ ಎಷ್ಟೋ ಹಳ್ಳಿಗಳು ಬರಿದಾಗಿವೆ. ಗೋಡೆಯನ್ನು ಕಾನೂನು ಕಾಯಬಲ್ಲದು. ಬಾಗಿಲಿಗೆ ಬಂದ ಮೂಕಪ್ರಾಣಿಗೆ ತುತ್ತು ನೀಡಲು ಒಳಗೆ ಮನುಷ್ಯರೇ ಇರಬೇಕು. ಊರೆಂದರೆ ಅದೇ ಎಂದು ನಾವು ಭಾವಿಸುತ್ತೇವೆ.