ಕಾಲು ಮೈಲಿಯ ಓಟವೂ ಮುಂಗಾಲಿಯ ಅಳತೆಯೂ

ಅಮೆರಿಕೆಯ ಪೊಮೋನಾದಂತಹ ಪಥಗಳಲ್ಲಿ, ಕಾಲು ಮೈಲಿಯನ್ನು, ಎಂದರೆ 1320 ಅಡಿಗಳನ್ನು, ಕೆಲವೇ ಕ್ಷಣಗಳಲ್ಲಿ ನುಂಗಿಬಿಡುವ ಡ್ರ್ಯಾಗ್ ಕಾರುಗಳನ್ನು ಕಂಡವರು ಎಂಜಿನ್ನಿನ ಗರ್ಜನೆಯನ್ನೂ ಹಿಂಗಾಲಿಗಳ ಹೊಗೆಯನ್ನೂ ಕೊಂಡಾಡುವರೇ ಹೊರತು, ಮುಂಗಾಲಿಗಳನ್ನು ಚೌಕಟ್ಟಿಗೆ ಬಂಧಿಸಿರುವ ಸಸ್ಪೆನ್ಷನ್ ತೋಳುಗಳತ್ತ ಕಣ್ಣು ಹಾಯಿಸುವುದು ವಿರಳ. ಈ ಉಪೇಕ್ಷೆ ಅನುಚಿತವೆಂಬುದೇ ನನ್ನ ವಾದ.

ತಿರುಪಿನಿಂದ ಉದ್ದವನ್ನು ಹೆಚ್ಚುಕಡಿಮೆ ಮಾಡಬಲ್ಲ ತೋಳುಗಳ ಪ್ರಧಾನ ಪ್ರಯೋಜನವು ಕ್ಯಾಸ್ಟರ್ ಕೋನದ ಸಾಧನೆ. ಚಕ್ರವು ಯಾವ ಅಕ್ಷದ ಸುತ್ತ ಹೊರಳುವುದೋ ಅದರ ಮೇಲ್ತುದಿಯನ್ನು ಹಿಂದಕ್ಕೆ ವಾಲಿಸಿದರೆ, ಸೈಕಲ್ಲಿನ ಮುಂದಿನ ಫೋರ್ಕಿನಲ್ಲಿ ಕಾಣುವಂತೆ, ಚಕ್ರವು ತಾನಾಗಿಯೇ ನೇರಕ್ಕೆ ಮರಳಲೆಳಸುವುದು. ಸ್ಟಿಯರಿಂಗ್ ತುಸು ಭಾರವಾದೀತು. ತಿರುವುಗಳೇ ಇಲ್ಲದ ಓಟದಲ್ಲಿ ಅದೇನು ದೊಡ್ಡ ನಷ್ಟ!

ಆದರೆ ಕಾರು ನೆಗೆದೊಡನೆ ಭಾರವು ಹಿಂದಕ್ಕೆ ಸರಿದು, ಮೂಗು ಮೇಲೆದ್ದು, ತೋಳುಗಳು ಕೆಳಕ್ಕೆ ಬಾಗುವುದರಿಂದ, ನಿಂತಾಗ ನೇರವಾಗಿದ್ದ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ತಿರುಗಿಸಬಹುದು; ಮೂಗು ಇಳಿದು ಅವು ನೆಲ ಮುಟ್ಟಿದಾಗ ಕಾರು ಹಠಾತ್ತನೆ ಪಕ್ಕಕ್ಕೆಳೆಯುವುದು ಹಲವೊಮ್ಮೆ ಇದರಿಂದಲೇ. ಈ ತಿರುಗುವಿಕೆ ಕಾರಿನಿಂದ ಕಾರಿಗೆ ಬೇರೆಯಾದುದರಿಂದ, ಇನ್ನೊಬ್ಬರ ಕಾರಿನ ಅಂಕಿಗಳನ್ನು ಮಂತ್ರದಂತೆ ನಕಲು ಮಾಡುವವರ ವಿವೇಕವನ್ನು ನಾನು ಮೆಚ್ಚಲಾರೆ. ಚಾಲಕನ ತೂಕವನ್ನು ಆಸನದಲ್ಲಿರಿಸಿ, ಟೈರಿನ ಗಾಳಿಯನ್ನು ಸರಿಪಡಿಸಿ, ಮೊದಲು ಕ್ಯಾಸ್ಟರನ್ನೂ, ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲುವ ಕ್ಯಾಂಬರ್ ಕೋನವನ್ನೂ, ಕಡೆಗೆ ಅವು ಕದಲಿಸುವ ಟೋ ಅಳತೆಯನ್ನೂ, ಎಂದರೆ ಚಕ್ರಗಳ ಮುಖ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣವನ್ನೂ, ಹೊಂದಿಸಿ, ಮೂಗನ್ನು ಜಾಕಿಯಿಂದ ಅಂಗುಲಂಗುಲವಾಗಿ ಎತ್ತುತ್ತ ಟೋವನ್ನು ಮತ್ತೆ ಅಳೆಯಬೇಕು. ಬೇಸರದ ಕೆಲಸವೇನೋ ಹೌದು. ತೋಳಿನ ಲಾಕ್ ನಟ್ಟನ್ನು ಬಿಗಿಯುವಾಗ ಅಳತೆ ಕೂದಲೆಳೆಯಷ್ಟು ಜರುಗಿದರೆ, ಪುನಃ ಮೊದಲಿನಿಂದ.