ಹಾರಾಟ ಒಂದು ತಾಸು, ದಾರಿ ಆರು ತಾಸು

ಕಲಬುರಗಿ ವಿಮಾನ ನಿಲ್ದಾಣದಿಂದ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ವಿಮಾನಕ್ಕೆ ಅದು ಒಂದು ತಾಸಿನ ಒಳಗಿನ ದಾರಿ. ಆ ಗೆರೆ ಹೆಚ್ಚುಕಡಿಮೆ ನಮ್ಮ ಸಿಂದಗಿಯ ನೆತ್ತಿಯ ಮೇಲೇ ಹಾದು ಹೋಗುತ್ತದೆ. ಆದರೆ ಕೆಳಗೆ ನಿಂತು ಬಸ್ಸಿಗೆ ಕಾಯುವವರಿಗೆ ಈ ಲೆಕ್ಕದಿಂದ ಏನು ಸಿಕ್ಕೀತು?

ಸಿಂದಗಿಯವರು ಕಲಬುರಗಿಯಿಂದ ಬೆಂಗಳೂರಿಗೆ ಹಾರುವುದಾದರೆ ನಿಜವಾದ ಲೆಕ್ಕ ಹೀಗಿದೆ. ಕಲಬುರಗಿಗೆ 100 ಕಿ.ಮೀ., ಬಸ್ಸಿನಲ್ಲಿ ಎರಡೂವರೆ ತಾಸು. ಅಲ್ಲಿಂದ ಊರಾಚೆಯ ನಿಲ್ದಾಣಕ್ಕೆ ಆಟೊ, ಅರ್ಧ ತಾಸು. ತಪಾಸಣೆಗೆಂದು ಮುಂಚಿತವಾಗಿ ಹೋಗಿ ಕೂರುವುದು ಒಂದೂವರೆ ತಾಸು. ದೇವನಹಳ್ಳಿಯಲ್ಲಿ ಇಳಿದು ಬೆಂಗಳೂರು ಊರೊಳಗೆ ಸೇರಲು ಮತ್ತೆ ಒಂದೂವರೆ. ನೆಲದ ಮೇಲೇ ಆರು ತಾಸಾಯಿತು. ಹಾರಾಟ ಮಾತ್ರ ಒಂದು ತಾಸು ಚಿಲ್ಲರೆ.

ಈಗ ವಿಜಯಪುರದ ಬುರಣಾಪುರದಲ್ಲಿ 727 ಎಕರೆಯಲ್ಲಿ ನಮ್ಮದೇ ನಿಲ್ದಾಣ ಎದ್ದಿದೆ. 2021ರಲ್ಲಿ ಅಡಿಗಲ್ಲು ಬಿತ್ತು. ಮೊದಲು ಎಟಿಆರ್ ವಿಮಾನಕ್ಕೆಂದು ಯೋಜಿಸಿದ್ದನ್ನು ನಂತರ ಏರ್‌ಬಸ್ 320 ಇಳಿಯುವಂತೆ ಹಿಗ್ಗಿಸಿದರು. ಪರಿಸರ ಅನುಮತಿಯ ತೊಡಕೂ ಬಂತು. ಬೆಂಗಳೂರಿನಿಂದ ಆಕಾಶದ ದೂರ ನೋಡಿದರೆ ಕಲಬುರಗಿ, ವಿಜಯಪುರ ಎರಡೂ ಸುಮಾರು 460 ಕಿ.ಮೀ. ಅಂದರೆ ಹೊಸ ನಿಲ್ದಾಣದಿಂದ ಹಾರಾಟದ ವೇಳೆ ಒಂದು ನಿಮಿಷವೂ ಉಳಿಯುವುದಿಲ್ಲ. ಉಳಿದರೆ ನೆಲದ ಮೇಲೆ ಉಳಿಯಬೇಕು.

ಅಲ್ಲಿಯೇ ನಮ್ಮ ನಾಲ್ಕು ತಾಲ್ಲೂಕುಗಳ ಪ್ರಶ್ನೆ ಇರುವುದು. ಬಸವನ ಬಾಗೇವಾಡಿಯಿಂದ ವಿಜಯಪುರ 45 ಕಿ.ಮೀ. ಒಳಗೆ. ಸಿಂದಗಿಯಿಂದ ಸುಮಾರು 60, ಮುದ್ದೇಬಿಹಾಳದಿಂದ 80. ಇಂಡಿಯವರಿಗೆ ಸೊಲ್ಲಾಪುರವೂ ದೂರವೇನಲ್ಲ. ಅಲ್ಲಿಂದ 2025ರ ಜೂನ್‌ನಲ್ಲಿ ಗೋವಾ ವಿಮಾನ ಶುರುವಾಗಿದೆ. ನಮ್ಮ ನಿಲ್ದಾಣಕ್ಕೆ ನೇರ ಬಸ್ ಇಲ್ಲದಿದ್ದರೆ ಇಂಡಿಯ ಪ್ರಯಾಣಿಕ ಸೊಲ್ಲಾಪುರದ ದಾರಿ ಹಿಡಿಯುತ್ತಾನೆ, ಉಳಿದವರು ರಾತ್ರಿಯ ಸ್ಲೀಪರ್ ಬಸ್ಸನ್ನೇ ಹತ್ತುತ್ತಾರೆ. ಮಲಗಿ ಎದ್ದರೆ ಮೆಜೆಸ್ಟಿಕ್. ಅದರ ಮುಂದೆ ವಿಮಾನ ಗೆಲ್ಲಬೇಕಾದರೆ ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಸಂಜೆ ಮರಳುವಂತಿರಬೇಕು.

ಇಂಡಿ ಲಿಂಬೆ ವಿಮಾನ ಏರುತ್ತದೆ ಎಂದು ಭಾಷಣ ಮಾಡುವವರಿಗೂ ಒಂದು ಮಾತು. ಚೀಲದ ಲೆಕ್ಕದಲ್ಲಿ ಮಾರುವ ಸರಕಿಗೆ ಕಿಲೋ ಲೆಕ್ಕದ ವಿಮಾನ ಬಾಡಿಗೆ ಹೊಂದುವುದಿಲ್ಲ. ಲಿಂಬೆಗೆ ಲಾರಿಯೇ ಗತಿ. ಗುಳೆ ಹೋಗುವ ಕೂಲಿಕಾರರೂ ವಿಮಾನ ಏರುವುದಿಲ್ಲ. ಆದರೂ ನಿಲ್ದಾಣ ಬೇಡ ಎನ್ನಲಾರೆ. ತುರ್ತು ಚಿಕಿತ್ಸೆಗೆ ಹೋಗುವವರಿಗೆ, ಸಂದರ್ಶನಕ್ಕೆ ಹೊರಟ ಹುಡುಗ ಹುಡುಗಿಯರಿಗೆ ಒಂದು ದಿನ ಉಳಿಯುವುದು ಸಣ್ಣ ಮಾತಲ್ಲ.

ಉಡಾನ್ ಯೋಜನೆಯ ನೆರವು ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಅಷ್ಟರೊಳಗೆ ಸೀಟು ತುಂಬುವ ರೂಢಿ ಬೆಳೆಯದಿದ್ದರೆ ಕಂಪನಿ ರೆಕ್ಕೆ ಮಡಚುತ್ತದೆ. 2019ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಕಲಬುರಗಿಯಲ್ಲೂ ಶುರುವಾದ ಮಾರ್ಗಗಳೆಲ್ಲ ಉಳಿಯಲಿಲ್ಲ. ಸೀಟು ತುಂಬಿಸುವ ಕೆಲಸದಲ್ಲಿ ಅರ್ಧ ಪಾಲು ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ್ದು. ವಿಮಾನದ ವೇಳೆಗೆ ಹೊಂದುವ ಬಸ್ಸನ್ನು ನಾಲ್ಕೂ ತಾಲ್ಲೂಕುಗಳಿಂದ ಮೊದಲ ದಿನದಿಂದಲೇ ಬಿಡಬೇಕು.

ಮುಂದಿನ ಸಲ ನಿಮ್ಮ ಶಾಸಕರು ಸಿಕ್ಕಾಗ ರನ್‌ವೇ ಎಷ್ಟು ಉದ್ದ ಎಂದು ಕೇಳಬೇಡಿ. ಮುದ್ದೇಬಿಹಾಳದಿಂದ ನಿಲ್ದಾಣಕ್ಕೆ ಮೊದಲ ಬಸ್ ಎಷ್ಟು ಗಂಟೆಗೆ ಎಂದು ಕೇಳಿ.