ಎರಡು ತಲಾಂತಿನ ಮಕ್ಕಳು



ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ನಮ್ಮ ಎಷ್ಟೋ ಮಕ್ಕಳು ತಲೆ ತಗ್ಗಿಸಿ ಕೂಡುತ್ತಾರೆ. ಪಾಸಾಗಿದ್ದಾರೆ, ನಂಬರು ಮಾತ್ರ ಸಾಧಾರಣ. "ಮೇಸ್ತ್ರಿಯ ಮಗನನ್ನು ನೋಡು" ಎಂದು ಗದರುತ್ತೇವೆ. ಇಲ್ಲವೆ ಸಾಲ ಮಾಡಿ ದೂರದ ದೊಡ್ಡ ಕಾಲೇಜಿಗೆ ಸೇರಿಸುತ್ತೇವೆ. ಎರಡೂ ತಪ್ಪು.

ಹಿಂದೂಪುರ, ಕಲ್ಯಾಣದುರ್ಗದ ಕಡೆ ಊರಿದ್ದು, ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಓದಿಸುತ್ತಿರುವವರು ಗಮನಿಸಿರಿ. ಕಲ್ಯಾಣದುರ್ಗದಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಹಿಂದೂಪುರದಲ್ಲಿ ಹೆಣ್ಣುಮಕ್ಕಳಿಗೆಂದೇ ಒಂದಿದೆ. ಹತ್ತನೆಯದು ಪಾಸಾಗಿರಬೇಕು, ನಿಜ. ಆದರೆ ಸೀಟು ಸಿಗುವುದು ಪಾಲಿಸೆಟ್ ಪರೀಕ್ಷೆಯ ರ್‍ಯಾಂಕಿನ ಮೇಲೆ. ಫಲಿತಾಂಶಕ್ಕೆ ಕಾಯದೆ ಅರ್ಜಿ ಹಾಕಬಹುದು. ಡಿಪ್ಲೊಮಾ 3 ವರ್ಷ. ಮುಂದೆ ಓದುವ ಮನಸ್ಸಾದರೆ ಇಸೆಟ್ ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಬಹುದು.

ಆದರೆ ಮೊದಲು ಮಗುವಿನ ಮನಸ್ಸನ್ನು ಕೇಳಿರಿ. ಒಂದು ದಿನದ ಕೂಲಿ ಹೋದರೂ ಚಿಂತೆಯಿಲ್ಲ, ಜೊತೆಗೆ ಹೋಗಿ ವರ್ಕ್‌ಶಾಪು, ಹಾಸ್ಟೆಲು ನೋಡಿರಿ. ವರ್ಷಕ್ಕೆ ಒಟ್ಟು ಖರ್ಚೆಷ್ಟು ಎಂದು ಕೇಳಿ ಬರೆದುಕೊಳ್ಳಿರಿ. ಸಾಲದ ಮಾತು ಆಮೇಲೆ.

ಮತ್ತಾಯ 25ರ ಸಾಮ್ಯವನ್ನು ನೆನೆಯಿರಿ. ಐದು ತಲಾಂತಿನವನಿಗೆ ಸಿಕ್ಕ ಹೊಗಳಿಕೆಯೇ ಎರಡು ತಲಾಂತಿನವನಿಗೂ ಸಿಕ್ಕಿತು. ಯಜಮಾನನು ಇಬ್ಬರನ್ನು ಹೋಲಿಸಲಿಲ್ಲ. ನಾವೇಕೆ ಹೋಲಿಸಬೇಕು?